ಶ್ರಾವಣದಲ್ಲಿ ತೆಗೆದ ಹಗೇವು

ಹಗೇವು ಮುಚ್ಚಿದ ದಿನದಿಂದ ತೆಗೆಯುವ ದಿನದವರೆಗೆ ನಾನು ಒಂದು ದಿನವೂ ನೆಟ್ಟಗೆ ಕೂತವಳಲ್ಲ. ಸ್ವಂತ ಹೊಲ, ಸ್ವಂತ ಜೋಳ, ಮಣ್ಣಿನ ಮನೆ, ಯಾರ ಹಂಗೂ ಇಲ್ಲ, ಎಂಥ ನೆಮ್ಮದಿಯ ಬಾಳು ಎಂದು ಈಗಿನವರು ಹೇಳುತ್ತಾರೆ. ಹೇಳುವವರು ವರ್ಷದ ಊಟವನ್ನು ನೆಲದೊಳಗೆ ಹೂತು, ಮೇಲೆ ಕಲ್ಲು ಎಳೆದು, ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ತಿಂಗಳುಗಟ್ಟಲೆ ಕಾದವರಲ್ಲ. ನಾನು ಕಾದಿದ್ದೇನೆ. ನೆಮ್ಮದಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮದು ಇಟ್ಟಿಗಿ ಕಡೆಯ ಎರೆನೆಲದ ಊರು. ಹೊಲವೆಲ್ಲ ಕಪ್ಪು ಮಣ್ಣು, ಊರು ಕೂತ ದಿಬ್ಬ ಮಾತ್ರ ಕಲ್ಲು ಬೆರೆತ ಗಟ್ಟಿ ಗರಸು. ಆ ಗರಸಿನಲ್ಲಿ, ನಮ್ಮ ಮನೆಯ ಮುಂದೆ, ಗಂಡನ ಅಜ್ಜ ಒಂದು ಹಗೇವು ತೋಡಿದ್ದ. ಬಾಯಿ ಸಣ್ಣದು, ಒಬ್ಬರು ಮೈ ಹಿಡಿಮಾಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ತಳಕ್ಕೂ ಗೋಡೆಗೂ ಜೋಳದ ಹುಲ್ಲು ಹಾಸಿ, ಕಂಠದವರೆಗೆ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು, ಹೊಟ್ಟು, ಚಪ್ಪಡಿಕಲ್ಲು. ಕಲ್ಲಿನ ಸುತ್ತ ಸವಳು ಮಣ್ಣು ಮೆತ್ತಿ, ಅದು ಒಣಗಿ ಬಿರಿದಂತೆಲ್ಲ ಮತ್ತೆ ಮೆತ್ತಿ, ಗಾಳಿ ಆಡದ ಹಾಗೆ ಮಾಡಬೇಕು. ಯುಗಾದಿ ಕಳೆದ ಮೇಲೆ ಮುಚ್ಚಿದರೆ ತೆಗೆಯುವುದು ದೀಪಾವಳಿ ಆದ ಮೇಲೆ. ಅಲ್ಲಿಯವರೆಗಿನ ಖರ್ಚಿಗೆ ಮನೆಯೊಳಗಿನ ವಾಡೇವಿನಲ್ಲಿ, ಅಂದರೆ ಆಳೆತ್ತರದ ಮಣ್ಣಿನ ಗುಡಾಣದಲ್ಲಿ, ಬೇರೆ ಜೋಳ ಇರುತ್ತಿತ್ತು.

ಮನೆ ಮಾಳಿಗೆ ಮನೆ. ಮೇಲೂ ಮಣ್ಣು, ಗೋಡೆಯೂ ಮಣ್ಣು. ಅರ್ಧದಲ್ಲಿ ದನ, ಒಂದು ಮೆಟ್ಟಿಲು ಏರಿದರೆ ನಾವು. ಬೆಳಕಿಗೆ ಮಾಳಿಗೆಯಲ್ಲಿ ಒಂದೇ ಕಿಂಡಿ, ಮಳೆ ಬಂದರೆ ಅದರ ಮೇಲೆ ಒಡಕು ಗಡಿಗೆ. ಎಣ್ಣೆಗೆ ನಮ್ಮದೇ ಕುಸುಬೆ, ಬೇಳೆಗೆ ನಮ್ಮದೇ ತೊಗರಿ, ಒಲೆಗೆ ನಮ್ಮ ದನದ ಕುಳ್ಳು. ಉಪ್ಪು, ಸೀಮೆಎಣ್ಣೆ, ಬೆಲ್ಲ, ಬಟ್ಟೆ ಇಷ್ಟಕ್ಕೆ ಮಾತ್ರ ಕೊಟ್ಟೂರಿನ ಅಂಗಡಿ. ಜೋಳಕ್ಕೆಂದು ಚೀಲ ಹಿಡಿದು ಯಾರ ಬಾಗಿಲಿಗೂ ಹೋದವಳಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತಿದ್ದೆ.

ನನ್ನ ತವರು ಕೋಗಳಿ ಹತ್ತಿರ. ನಮ್ಮಪ್ಪನ ಮನೆಯಲ್ಲಿ ಹಗೇವು ಇರಲಿಲ್ಲ. ಜೋಳ ಮನೆಯೊಳಗೇ, ಕಣ್ಣೆದುರಿಗೇ. ಹೋಗುತ್ತ ಬರುತ್ತ ಕೈ ಹಾಕಿ ನೋಡಬಹುದಿತ್ತು. ಮದುವೆಯಾಗಿ ಬಂದ ವರ್ಷ ಹಗೇವು ಮುಚ್ಚುವಾಗ ನಾನು ನಡುವೆ ಒಮ್ಮೆ ತೆಗೆದು ನೋಡುವುದು ಯಾವಾಗ ಎಂದು ಕೇಳಿದ್ದೆ. ಅತ್ತೆ ಹೇಳಿದ್ದು ಹೀಗೆ:

“ಬಸುರಿ ಹೊಟ್ಟಿ ಕೊಯ್ದು ಕೂಸು ಹೆಂಗೈತಿ ಅಂತ ನೋಡ್ತಾರೇನಲೇ? ಮುಚ್ಚಿದ ಮ್ಯಾಲೆ ಮರ್ತುಬಿಡಬೇಕು.”

ಮರೆಯುವುದು ನನಗೆ ಬರಲಿಲ್ಲ. ಇಪ್ಪತ್ತೈದು ವರ್ಷ ಆದರೂ ಬರಲಿಲ್ಲ.

ಈಗ ಹೇಳುವುದು ನನ್ನ ಕಿರಿಮಗಳ ಮದುವೆಯಾದ ಮರುವರ್ಷದ ಮಾತು. ತೊಂಬತ್ತರ ಈಚಿನದು, ಇಸವಿ ನೆನಪಿಲ್ಲ. ಮನೆಯಲ್ಲಿ ಗಂಡ, ಅತ್ತೆ, ನಾನು ಮೂವರೇ. ಅತ್ತೆಗೆ ಕಣ್ಣಿಗೆ ಪೊರೆ ಬಂದಿತ್ತು, ಬಾಯಿಗೆ ಏನೂ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ಪಂಚಾಯ್ತಿಯವರು ನಮ್ಮ ಓಣಿಯ ಮೂಲೆಗೆ ಒಂದು ಸಿಮೆಂಟಿನ ಮಿನಿ ಟ್ಯಾಂಕ್ ಕಟ್ಟಿದರು. ನಾಲ್ಕು ನಲ್ಲಿ. ತಿಂಗಳೊಳಗೆ ಒಂದು ನಲ್ಲಿಯ ತಿರುವು ಮುರಿಯಿತು. ಅದಕ್ಕೆ ಜೋಳದ ದಂಟು ತುರುಕುವುದು, ಅದು ಕಳಚಿ ಬೀಳುವುದು, ನೀರು ಹರಿಯುವುದು. ಹರಿದ ನೀರು ಬಂದು ನಿಲ್ಲುತ್ತಿದ್ದದ್ದು ನಮ್ಮ ಹಗೇವಿನಿಂದ ಹತ್ತು ಹೆಜ್ಜೆ ಆಚೆ.

“ನೀರು ಒಳಗ ಇಳಿದ್ರ ಏನು ಮಾಡೋದ್ರಿ?” ಎಂದು ಗಂಡನನ್ನು ಕೇಳಿದೆ.

“ಗರಸು ಐತಿ, ಇಳಿಯಾಂಗಿಲ್ಲ. ನಮ್ಮ ಮುತ್ಯಾ ನೋಡಿ ತೋಡ್ಯಾನ.”

“ನಿಮ್ಮ ಮುತ್ಯಾನ ಕಾಲದಾಗ ನಲ್ಲಿ ಇತ್ತೇನ್ರಿ?”

ಆತ ಬೀಡಿ ಹಚ್ಚಿದ. ಆತನ ಮಾತು ಮುಗಿದಾಗ ಹಾಗೆ ಮಾಡುತ್ತಿದ್ದ.

ಮರುದಿನ ನಾನೇ ಗುದ್ದಲಿ ಹಿಡಿದು ನಿಂತ ನೀರಿಗೆ ಒಂದು ಸಣ್ಣ ಕಾಲುವೆ ತೆಗೆದೆ. ಇಳಿಜಾರು ಇದ್ದದ್ದು ಒಂದೇ ಕಡೆ, ಎದುರುಮನೆಯ ಬಾಗಿಲ ಮುಂದಕ್ಕೆ. ಎದುರುಮನೆಯಾಕೆ ನನ್ನ ವಾರಿಗೆಯವಳು, ಒಟ್ಟಿಗೆ ಕಳೆ ತೆಗೆದವರು ನಾವು. ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು.

“ಏನವ್ವಾ, ತುಂಗಭದ್ರೀನ ನಮ್ಮ ಬಾಗ್ಲಿಗೇ ತಂದಿಯಲ್ಲ, ಭತ್ತ ನಾಟಿ ಮಾಡಲೇನು?”

“ಮಾಡು. ಬೆಳೆದ ಮ್ಯಾಲೆ ನನಗೂ ಒಂದು ಸೇರು ಅಕ್ಕಿ ಕೊಡು.”

“ನೀರು ನಿನ್ನ ಕಡಿ ನಿಂತ್ರ ಜೋಳ ಕೆಡತೈತಿ. ನನ್ನ ಬಾಗ್ಲಾಗ ನಿಂತ್ರ ನಾನು ಕೆಡಾಂಗಿಲ್ಲೇನು?”

“ನೀನು ಕೆಟ್ಟು ಭಾಳ ದಿನ ಆತು ಬಿಡು.”

ಅಂದಿನಿಂದ ಮಾತು ಬಿಟ್ಟೆವು. ಕಾಲುವೆ ಮಾತ್ರ ಹರಿಯುತ್ತಿತ್ತು.

ಆಷಾಢದ ಕೊನೆಗೆ ಜಿಟಿಜಿಟಿ ಮಳೆ ಹಿಡಿಯಿತು. ಆಗ ಓಣಿಯ ಕೆಂದನಾಯಿ ಬಂದು ನಮ್ಮ ಹಗೇವಿನ ಕಲ್ಲಿನ ಮೇಲೆ ಮಲಗಲು ಶುರು ಮಾಡಿತು. ಒಂದು ದಿನ, ಎರಡು ದಿನ, ದಿನಾಲೂ. ಹಗೇವಿದ್ದ ಊರಿನವರಿಗೆ ಇದರ ಅರ್ಥ ಗೊತ್ತು. ಒಳಗೆ ಜೋಳ ಕೆಡಲು ಹತ್ತಿದರೆ ಕಾಯುತ್ತದೆ, ಕಲ್ಲು ಬೆಚ್ಚಗಾಗುತ್ತದೆ, ಚಳಿಗೆ ನಾಯಿ ಅದನ್ನು ಹುಡುಕಿಕೊಂಡು ಬರುತ್ತದೆ. ನಾನು ನಾಯಿಯನ್ನು ಓಡಿಸಿ ಕಲ್ಲಿಗೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ನಾಯಿ ಮಲಗಿದ್ದಕ್ಕೋ, ಜೋಳ ಕಾಯ್ದದ್ದಕ್ಕೋ? ಬೆಳಗ್ಗೆ ನೋಡಿದರೆ ತಣ್ಣಗೆ, ಮಧ್ಯಾಹ್ನ ನೋಡಿದರೆ ಬೆಚ್ಚಗೆ. ಒಂದು ವಾರದಲ್ಲಿ ನನ್ನ ಅಂಗೈಯನ್ನೇ ನಾನು ನಂಬದ ಹಾಗಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಹೋಗಿ ನೋಡಿ ಬರುತ್ತಿದ್ದೆ, ಹಂಚಿನ ಮೇಲಿನದು ಸೀದು ಹೋಗುತ್ತಿತ್ತು.

“ಓಣಿ ತುಂಬ ಕೆಸರು ಐತಿ, ಒಣಾ ಜಾಗ ಅಂದ್ರ ಆ ಕಲ್ಲೊಂದೇ,” ಎಂದಳು ಅತ್ತೆ. “ನಾನು ನಾಯಾಗಿದ್ರ ನಾನೂ ಅಲ್ಲೇ ಮಲಗ್ತಿದ್ದೆ. ಸುಮ್ಮನ ಕೂಡು.”

ಸುಮ್ಮನೆ ಕೂಡುವುದೇ ಆಗುತ್ತಿರಲಿಲ್ಲ. ಒಳಗಿರುವುದು ಇನ್ನುಳಿದ ವರ್ಷದ ರೊಟ್ಟಿ. ಬಿತ್ತನೆಯ ಜೋಳ ಬೇರೆ ಇತ್ತು, ಆದರೆ ಅದನ್ನು ತಿಂದರೆ ಮುಂದಿನ ವರ್ಷವೂ ಹೋದಂತೆ. ಹಗೇವು ಕೆಟ್ಟರೆ ನಾನು ಚೀಲ ಹಿಡಿಯಬೇಕು.

ಶ್ರಾವಣದಲ್ಲಿ ಗಂಡ ಹರಪನಹಳ್ಳಿ ಕಡೆ ಒಂದು ಎತ್ತು ನೋಡಿಬರಲು ಹೋದ. ಮೂರನೆಯ ದಿನಕ್ಕೆ ಬರುವವನು. ಅವತ್ತು ಬೆಳಗ್ಗೆ ಎಷ್ಟೋ ದಿನದ ಮೇಲೆ ಬಿಸಿಲು ಬಿತ್ತು. ಅತ್ತೆಗೆ ರೊಟ್ಟಿ ಕೊಟ್ಟು ಹಾರೆ ತೆಗೆದುಕೊಂಡೆ. ಮೆತ್ತಿದ ಮಣ್ಣು ಬಿಡಿಸಬಹುದು, ಆದರೆ ಚಪ್ಪಡಿ ಸರಿಸಲು ಎರಡು ಜೊತೆ ಕೈ ಬೇಕು. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಎದುರುಮನೆಯಾಕೆ ಕಟ್ಟೆಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಮಾತು ಬಿಟ್ಟಿದ್ದೆವು, ನಾನೇ ಹೋದೆ.

“ಒಂದು ಕೈ ಹಾಕು ಬಾರವ್ವ, ಕಲ್ಲು ಸರಿಸಬೇಕು.”

“ನಿಮ್ಮ ಯಜಮಾನ ಊರಾಗಿಲ್ಲಲ್ಲ?”

“ಅದಕ್ಕ ನಿನ್ನ ಕರೆಯಾಕತ್ತೀನಿ.”

ಅವಳು ಮೊರ ಕೆಳಗಿಟ್ಟಳು. “ಕಾಲುವಿ ಮುಚ್ತೀಯೇನು?”

ನಾನು ಯೋಚನೆ ಮಾಡಿದೆ. “ಜೋಳ ಒಣಾ ಇದ್ರ ಮುಚ್ತೀನಿ. ಒಣಾ ಇದ್ರ ನೀರು ಇಳಿಯಾಂಗಿಲ್ಲ ಅಂತ ಆತಲ್ಲ.”

“ಹಂಗಾದ್ರ ನಡಿ. ನಾನೂ ಯಾರ ಮುಂದೂ ಬಾಯಿ ಬಿಡಾಂಗಿಲ್ಲ.”

ಮಣ್ಣು ಬಿಡಿಸಿ ಇಬ್ಬರೂ ಸೇರಿ ಕಲ್ಲು ಸರಿಸಿದೆವು. ಒಳಗಿನಿಂದ ಬಿಸಿ ಉಸಿರು ಹೊಡೆಯಿತು. ಅದು ಒಳ್ಳೆಯ ಹಗೇವಿಗೂ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಹುಲ್ಲು ಹೊಟ್ಟು ಎತ್ತಿ, ನೆಲಕ್ಕೆ ಬೋರಲು ಮಲಗಿ ಜೋಳದೊಳಗೆ ಕೈ ತುರುಕಿದೆ. ಕಂಕುಳ ತನಕ ಹೋಯಿತು. ಒಣ. ಮುಷ್ಟಿ ತೆಗೆದು ಬಾಯಿಗೆ ಹಾಕಿಕೊಂಡೆ, ಕಟಕಟ ಎಂದಿತು. ಕೋಲು ಚುಚ್ಚಿ ತೆಗೆದು ಅದರ ತುದಿ ಮೂಸಿದೆ. ಒಣ. ಕೋಲು ಎಷ್ಟು ಉದ್ದ, ಹಗೇವು ಎಷ್ಟು ಆಳ ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆಯುವುದು ಬೇಡವಾಗಿತ್ತು.

“ಅಯ್ಯ, ನಿನ್ನ ಜೋಳ ನಿನಗಿಂತ ಗಟ್ಟಿ ಐತಿ,” ಎಂದು ಎದುರುಮನೆಯಾಕೆ ನಾಲ್ಕು ಕಾಳು ಬಾಯಿಗೆ ಎಸೆದುಕೊಂಡಳು. “ಮುಚ್ಚು ಇನ್ನ.”

ಮುಚ್ಚುವ ಹೊತ್ತಿಗೆ ಬಿಸಿಲು ಹೋಗಿತ್ತು. ಸವಳು ಮಣ್ಣು ಕಲಸಿ ಮೆತ್ತುತ್ತಿದ್ದಂತೆ ಹನಿ ಶುರುವಾಯಿತು. ಆ ಮಣ್ಣು ಬಿಸಿಲಲ್ಲಿ ಒಣಗಬೇಕು, ಬಿರಿಯಬೇಕು, ಮತ್ತೆ ಮೆತ್ತಬೇಕು. ನನ್ನದು ಹಸಿಯಾಗಿಯೇ ಉಳಿಯಿತು. ಹೊಸ ಮಣ್ಣು ಗಂಡನ ಕಣ್ಣಿಗೆ ಬೀಳಬಾರದೆಂದು ಮೇಲೆ ಬೂದಿ, ಸಗಣಿ ಸಾರಿಸಿ ಗೋಣಿ ಹೊದಿಸಿದೆ.

ಒಳಗೆ ಬಂದು ಕೈ ತೊಳೆದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು.

“ವಾಸನಿ ಬರಾಕತ್ತೈತಿ.”

“ಎಂಥಾ ವಾಸನಿ ಅತ್ತಿ?”

“ಹಗೇವಿಂದು. ತೆಗಿದ್ಯಾ?”

ಸುಳ್ಳು ಹೇಳಿ ಉಪಯೋಗವಿರಲಿಲ್ಲ. “ತೆಗಿದೆ.”

“ಹೆಂಗೈತಿ?”

“ಒಣಾ ಐತಿ.”

“ಒಣಾ ಇತ್ತು ಅನ್ನು. ಈಗಿಂದು ನಿನಗೇನು ಗೊತ್ತು?”

ಆ ಮಾತು ನನ್ನ ತಲೆಯೊಳಗೆ ಹೊಕ್ಕು ಕೂತಿತು. ಮೊದಲು ನೀರಿನದೊಂದೇ ಚಿಂತೆ ಇತ್ತು. ಈಗ ನಾನು ಒಳಗೆ ಬಿಟ್ಟ ಶ್ರಾವಣದ ಗಾಳಿಯದೂ ಸೇರಿ ಎರಡಾಯಿತು. ಅತ್ತೆ ಮಗನಿಗೆ ಹೇಳಲಿಲ್ಲ. ಹೇಳುವುದಿದ್ದರೆ ನೀನೇ ಹೇಳು ಎಂಬಂತೆ ನನ್ನ ಕಡೆ ಕಾಣದ ಕಣ್ಣು ತಿರುಗಿಸುತ್ತಿದ್ದಳು.

ಕೊಟ್ಟ ಮಾತಿನಂತೆ ಮರುದಿನ ಕಾಲುವೆ ಮುಚ್ಚಿದೆ. ಗಂಡ ಬಂದ. ಎತ್ತು ಸರಿ ಬಂದಿರಲಿಲ್ಲ, ಬರಿಗೈಯಲ್ಲಿ ಬಂದಿದ್ದ. ಕಾಲುವೆ ಇಲ್ಲದ್ದು ನೋಡಿದ.

“ಯಾಕ ಮುಚ್ಚಿದಿ?”

“ಗರಸು ಐತಿ ಅಂದಿದ್ರೆಲ್ಲ ನೀವು.”

ಆತನಿಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ತನ್ನ ಮಾತು ಕೇಳಿದಳು ಎಂದುಕೊಂಡ. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದ. ನನಗೆ ಅನ್ನಿಸಿದ್ದು, ಈಗಲೇ ಹೇಳಿಬಿಡೋಣ. ಹೇಳಲಿಲ್ಲ. ದೊಡ್ಡ ಕಾರಣ ಏನೂ ಇಲ್ಲ. ಬೈಸಿಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೇ.

ಆಮೇಲಿನ ಮೂರು ತಿಂಗಳು ನಾನು ಮನೆಯಲ್ಲಿ ಕಾಲು ಮಡಚಿ ಕೂತದ್ದು ನೆನಪಿಲ್ಲ. ಗುಡಿಸಿದ್ದನ್ನೇ ಗುಡಿಸಿದೆ. ಯಾರೂ ಕೇಳದ ಕಾರದಪುಡಿ ಕುಟ್ಟಿದೆ. ಸೋರದ ಮಾಳಿಗೆ ಹತ್ತಿ ಸವಳು ಮಣ್ಣು ಎಳೆದೆ. ಮೇಲೆ ನಿಂತರೆ ಹಗೇವು ಕಾಣುತ್ತಿತ್ತು, ಅದಕ್ಕೇ ಹತ್ತುತ್ತಿದ್ದೆ. ಹೊಲಕ್ಕೆ ಹೋದವಳು ಅರ್ಧ ಸಾಲಿಗೆ ಕಳೆ ಬಿಟ್ಟು ಮನೆಗೆ ಬರುತ್ತಿದ್ದೆ. ಮನೆಗೆ ಬಂದರೆ ಮಾಡಲು ಏನೂ ಇರುತ್ತಿರಲಿಲ್ಲ, ಮತ್ತೆ ಹೊಲಕ್ಕೆ ನಡೆಯುತ್ತಿದ್ದೆ.

“ಯಾಕ, ಇರುವಿ ಗೂಡಿನ ಮ್ಯಾಲೆ ಕುಂತೀಯೇನು?” ಎಂದು ಗಂಡ ಕೇಳಿದ.

“ಸೊಂಟ ಹಿಡಿದೈತ್ರಿ, ನಡದ್ರ ಸಲೀಸು,” ಎಂದೆ.

ಉತ್ತರೆ, ಹಸ್ತ ಎರಡೂ ಮಳೆ ಆ ವರ್ಷ ಜೋರಾಗಿ ಹೊಡೆದವು. ಟ್ಯಾಂಕಿನ ನೀರೂ ಮಳೆಯ ನೀರೂ ಒಂದಾಗಿ ಹಗೇವಿನ ಕಲ್ಲಿನ ಅಂಚಿಗೆ ಬಂದು ನಿಂತಿತು. ಒಂದು ಬೆಳಗ್ಗೆ ತಡೆಯಲಾರದೆ ಗುದ್ದಲಿ ಹಿಡಿದು ಹೋದೆ. ಎದುರುಮನೆಯಾಕೆ ಬಾಗಿಲಲ್ಲಿ ನಿಂತಳು. ಜಗಳ ಆಡಲಿಲ್ಲ, ಕೂಗಲಿಲ್ಲ.

“ಮಾತು ಅಂದ್ರ ಮಾತು ಅಕ್ಕಾ,” ಎಂದಳು ಅಷ್ಟೇ.

ಮಾತು ಕೊಟ್ಟವಳು ನಾನೇ. ಒಣ ಜೋಳವನ್ನು ಅವಳ ಎದುರಿಗೆ ಕಟಕಟ ಕಡಿದವಳೂ ನಾನೇ. ತಿರುಗಿ ಬಂದೆ. ಪುಟ್ಟಿಯಲ್ಲಿ ಮಣ್ಣು ತಂದು ಕಲ್ಲಿನ ಸುತ್ತ ಒಡ್ಡು ಹಾಕಿದೆ. ಮೇಲಿನ ನೀರು ತಡೆಯಿತು. ಕೆಳಗಿಳಿದ ನೀರಿಗೆ ಒಡ್ಡು ಏನು ಮಾಡೀತು?

ದೀಪಾವಳಿ ಆಯಿತು. ವಾಡೇವಿನಲ್ಲಿ ಕೈ ಹಾಕಿದರೆ ತಳದ ಮಣ್ಣು ಉಗುರಿಗೆ ಸಿಗುತ್ತಿತ್ತು. ಗಂಡ ಹಗೇವಿನ ಕಲ್ಲು ತೆಗೆದು ಒಂದು ದಿನ ಗಾಳಿಗೆ ಬಿಟ್ಟ. ಮರುದಿನ ಬೆಳಗ್ಗೆ ಹೊಟ್ಟು ಎತ್ತಿ ನೋಡಿದ. ಮೇಲಿನ ಜೋಳ ಒಂದು ಗೇಣು ದಪ್ಪ ಹೆಪ್ಪಾಗಿ, ಬೂಷ್ಟು ಹಿಡಿದು, ಹಳಸಿದ ಮುದ್ದೆಯ ಹಾಗೆ ಕೂತಿತ್ತು. ಆತ ಕಲ್ಲಿನ ಸುತ್ತಲಿನ ಮಣ್ಣಿನ ತುಂಡನ್ನು ಕೈಯಲ್ಲಿ ಹಿಡಿದು ಮುರಿದ. ಮೇಲೆ ಬೂದಿಯ ಪದರ ಕಂಡಿತು.

“ಇದು ನಾನು ಮೆತ್ತಿದ್ದಲ್ಲ. ಯಾರೋ ತೆಗಿದಾರ.”

ಎದುರುಮನೆಯಾಕೆ ಕಟ್ಟೆಯ ಮೇಲೆ ಇದ್ದಳು. ಅತ್ತೆ ಬಾಗಿಲಲ್ಲಿ ಇದ್ದಳು.

“ಯಾರೋ ಅಲ್ರಿ, ನಾನು,” ಎಂದೆ.

“ಯಾವಾಗ?”

“ಶ್ರಾವಣದಾಗ. ನೀವು ಎತ್ತು ನೋಡಾಕ ಹೋದಾಗ.”

ಆತ ಹಗ್ಗ ಕಟ್ಟಿದ ಪುಟ್ಟಿಯನ್ನು ನನ್ನ ಕಡೆ ದೂಡಿದ. “ಹಂಗಾದ್ರ ನೀನೇ ಇಳಿ.”

ನಾನೇ ಇಳಿದೆ. ಕೆಟ್ಟ ಹೆಪ್ಪನ್ನು ಕಿತ್ತು ಮೇಲೆ ಕೊಟ್ಟೆ. ಅದರ ಕೆಳಗಿನದು ಚೆನ್ನಾಗಿತ್ತು, ಹಗೇವಿನ ಹಳದಿ ಬಣ್ಣ, ರೊಟ್ಟಿಯಲ್ಲಿ ನಾವು ಬಯಸುವ ಹಗೇವಿನ ವಾಸನೆ. ಪುಟ್ಟಿ ತುಂಬುವುದು, ಆತ ಎಳೆಯುವುದು. ಜೋಳ ಇಳಿದಂತೆ ನಾನೂ ಇಳಿದೆ. ಇಳಿದಷ್ಟಕ್ಕೂ ಕಂದೀಲನ್ನು ಮೊದಲು ಬಿಟ್ಟು, ತಳದ ಕೆಟ್ಟ ಗಾಳಿಗೆ ಅದು ಆರದಿದ್ದರೆ ಮಾತ್ರ ಕಾಲಿಡುತ್ತಿದ್ದೆ. ಎದೆಯೊಳಗೆ ಸ್ವಲ್ಪ ಹಗುರ ಆಗುತ್ತ ಬಂತು. ಗೇಣು ಹೋಯಿತು, ಹೋಗಲಿ, ಉಳಿದದ್ದು ಉಳಿಯಿತು ಎಂದುಕೊಂಡೆ. ಆಗ ಟ್ಯಾಂಕಿನ ಕಡೆಯ ಗೋಡೆಗೆ ಹಾಕಿದ ಕೈ ಮೆತ್ತಗಿನದರಲ್ಲಿ ಹೂತುಹೋಯಿತು. ಹುಲ್ಲು ಕೊಳೆತು ಕಪ್ಪಾಗಿತ್ತು. ಜೋಳ ಮೊಳಕೆ ಒಡೆದು, ಆ ಮೊಳಕೆಯೂ ಕೊಳೆತು, ಬಿಸಿಬಿಸಿ ಸಗಣಿಯ ಹಾಗಿತ್ತು. ಮೊಳಕಾಲ ಕೆಳಗೆ ತಳದ ತನಕ ಅದೇ.

“ಹೆಂಗೈತಿ?” ಎಂದು ಮೇಲಿನಿಂದ ಕೇಳಿದ.

“ನೀರು ಇಳಿದೈತಿ.”

ಹಗ್ಗ ಅಲ್ಲಾಡಲಿಲ್ಲ. ಯಾರಿಗೂ ಅಲ್ಲದ ಹಾಗೆ ಆತ ಅಂದ: “ಗರಸು ಐತಿ ಅಂದಿದ್ದೆ ನಾನು.”

“ಯವ್ವಾ, ಕಾಲುವಿ ನಾನು ಮುಚ್ಚಿಸಿದೆ,” ಎಂದು ಎದುರುಮನೆಯಾಕೆಯ ದನಿ ಕೇಳಿತು. ಅವಳು ಹೇಳಬೇಕಾಗಿರಲಿಲ್ಲ.

ಮೇಲಿನ ಒಂದು ಗೇಣು ಪೂರ್ತಿ ನನ್ನದೇ ತಪ್ಪು. ತಳದ ಕೊಳೆತದರಲ್ಲಿ ನನ್ನ ಪಾಲು ಎಷ್ಟು, ಆತನದು ಎಷ್ಟು, ಅವಳದು ಎಷ್ಟು ಎಂದು ನಾನು ಇವತ್ತಿಗೂ ಹಂಚಿಲ್ಲ. ಕೊಳೆತದ್ದನ್ನು ದನ ಮುಟ್ಟದ ಹಾಗೆ ತಿಪ್ಪೆಯಲ್ಲಿ ಹೂತೆವು. ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದನ್ನು ಬಿಸಿಲಿಗೆ ಹರವಿ ವಾಡೇವಿಗೆ ತುಂಬಿದೆ.

ಗಂಡ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಮಾತಾಡಿದ್ದು ಉಪ್ಪು ಕೇಳಲು. ಅಲ್ಲಿಗೆ ಮುಗಿಯಿತು. ನಾನು ಹಿಟ್ಟಿಗೆ ಸಜ್ಜೆ ಬೆರೆಸಿದೆ, ಒಪ್ಪತ್ತು ನವಣೆ ಅನ್ನ ಮಾಡಿದೆ, ಎಳೆದೆಳೆದು ನಡೆಸಿದೆ. ಆದರೂ ಹೊಸ ಜೋಳ ಕಣಕ್ಕೆ ಬರಲು ಇಪ್ಪತ್ತು ದಿನ ಇರುವಾಗ ವಾಡೇವು ಬರಿದಾಯಿತು. ಚೀಲ ಹುಡುಕಿ ಕೊಡವಿ ಇಟ್ಟೆ. ಎರಡು ದಿನ ಅದನ್ನು ಹಿಡಿದು ಮನೆಯೊಳಗೇ ಓಡಾಡಿದೆ, ಹೊಸ್ತಿಲು ದಾಟಲಿಲ್ಲ. ಮೂರನೆಯ ದಿನ ಎದುರುಮನೆಯಾಕೆ ಒಂದು ಪುಟ್ಟಿ ಜೋಳ ಹೊತ್ತು ತಂದು ಪಡಸಾಲೆಯಲ್ಲಿ ಸುರಿದಳು.

“ನಾನು ಕೇಳಿದ್ನೇನು?” ಎಂದೆ.

“ನೀನು ಯಾವಾಗ ಕೇಳಿದಿ? ನಿನ್ನ ಕಾಲುವಿ ಮುಚ್ಚಿಸಿ ನನ್ನ ಬಾಗ್ಲು ಒಣಗಿಸ್ಕಂಡೀನಿ. ಅದರದು ಅಂತ ತಿಳಕೋ.”

ಅತ್ತೆ ನಕ್ಕಳು. ನಾನು ನಗಲಿಲ್ಲ. ಜೋಳ ತೆಗೆದುಕೊಂಡೆ. ಆ ಸಲ ಬೀಸುವಾಗ ಕಲ್ಲು ಬಹಳ ಭಾರ ಅನ್ನಿಸಿತು.

ಶಿವರಾತ್ರಿ ಸುಮಾರಿಗೆ ಹೊಸ ಜೋಳ ಬಂತು. ಗಂಡ ಹಗೇವಿಗೆ ಇಳಿದು ಕೆರೆದು, ಹುಲ್ಲು ಸುಟ್ಟು, ಒಳಗೋಡೆ ಒಣಗಿಸಿ ಸಿದ್ಧ ಮಾಡಿದ. ಪಂಚಾಯ್ತಿಯವರ ಬೆನ್ನು ಹತ್ತಿ ನಲ್ಲಿಗೆ ಹೊಸ ತಿರುವೂ ಹಾಕಿಸಿದ್ದ. ನಾನು ಕಣದಲ್ಲಿ ರಾಶಿಯ ಎದುರು ನಿಂತೆ.

“ಹಗೇವಿಗೆ ಹಾಕೋದು ಬ್ಯಾಡ್ರಿ.”

“ಮತ್ತ ಎಲ್ಲಿ ಇಡ್ತಿ?”

“ಚೀಲದಾಗ. ಮನಿಯಾಗ.”

“ಹುಳ ಬೀಳ್ತಾವ.”

“ಬೀಳಲಿ. ನಾನು ಆರಿಸ್ತೀನಿ.”

“ಅರ್ಧ ಹಗೇವಿಗೆ ಹಾಕೋಣ, ಅರ್ಧ ಚೀಲದಾಗ ಇಡೋಣ.”

“ಅರ್ಧ ತುಂಬಿದ ಹಗೇವು ಉಳಿಯಾಂಗಿಲ್ಲ ಅಂತ ನೀವೇ ಹೇಳಿದ್ದು. ತುಂಬಿದ್ರ ಪೂರಾ ತುಂಬ್ರಿ. ಆದ್ರ ನಾನು ಮತ್ತ ತೆಗಿತೀನಿ. ಬ್ಯಾಸಿಗ್ಯಾಗ ತೆಗೀತೀನೋ ಮಳಿಯಾಗ ತೆಗೀತೀನೋ ಗೊತ್ತಿಲ್ಲ. ಈಗಲೇ ಹೇಳಿರ್ತೀನಿ.”

ಆತ ಅತ್ತೆಯ ಕಡೆ ನೋಡಿದ. ಅತ್ತೆ, “ಅಕೀಗೆ ತಡಿಯೋದು ಆಗಾಂಗಿಲ್ಲ ಮಗಾ. ಬಿಡು,” ಎಂದಳು.

ಜೋಳ ಚೀಲಕ್ಕೆ ಬಿತ್ತು. ಬೇವಿನಸೊಪ್ಪು, ಬೂದಿ ಬೆರೆಸಿ ಪಡಸಾಲೆಯ ಗೋಡೆಗೆ ಸಾಲಾಗಿ ಒಟ್ಟಿದೆವು. ಕಾಲು ಚಾಚಲು ಜಾಗ ಉಳಿಯಲಿಲ್ಲ. ಜ್ಯೇಷ್ಠದಲ್ಲೇ ಹುಳ ಬಿತ್ತು. ಚೀಲ ಬಿಚ್ಚಿ, ಜಂತಿ ಮುಟ್ಟುವ ಹಾಗೆ ಧೂಳೆಬ್ಬಿಸಿ ಕೇರುತ್ತಿದ್ದೆ, ಬಿಸಿಲಿಗೆ ಹರವುತ್ತಿದ್ದೆ, ಸಂಜೆ ತುಂಬುತ್ತಿದ್ದೆ, ಎಂಟು ದಿನಕ್ಕೆ ಮತ್ತೆ ಬಿಚ್ಚುತ್ತಿದ್ದೆ. ಹಗೇವಿಗಿಂತ ಹತ್ತು ಪಾಲು ಕೆಲಸ. ಕೆಲಸಕ್ಕೆ ನಾನು ಅಂಜಿದವಳಲ್ಲ.

ಒಂದು ದಿನ ಅತ್ತೆ ರೊಟ್ಟಿ ಮುರಿದು, ಮೂಗಿನ ಹತ್ತಿರ ಹಿಡಿದು, ಮುಖ ಕಿವುಚಿದಳು.

“ಇದು ಎಂಥಾ ಜೋಳ? ವಾಸನಿನೇ ಇಲ್ಲ.”

“ವಾಸನಿ ಇಲ್ಲ, ಹುಳ ಐತಿ,” ಎಂದೆ. “ಆರಿಸೀನಿ. ಒಂದೆರಡು ಉಳಿದಿದ್ರ ತಿನ್ನು ಅತ್ತಿ.”

ತಿಂದಳು. ನಾನು ಇನ್ನೊಂದು ಚೀಲದ ಬಾಯಿ ಬಿಚ್ಚಿದೆ.